ಎರಡು ಮನೆಯ ಮಿಣುಕು

ನನ್ನ ದನಿ ದೊಡ್ಡದು. ಹಿಟ್ಟಿನ ಗಿರಣಿ ನಡೆಸುವವಳ ದನಿ ಇನ್ನು ಹೇಗಿರುತ್ತದೆ ಹೇಳಿ? ಬೆಳಗಿನಿಂದ ಬೆಲ್ಟಿನ ಗಡಗಡ ಸದ್ದಿನ ಮೇಲೆ "ರಾಗಿ ಯಾರದ್ದು, ಜೋಳ ಯಾರದ್ದು" ಅಂತ ಕೂಗಿ ಕೂಗಿ ಗಂಟಲು ಹಾಗೇ ನಿಂತುಬಿಟ್ಟಿದೆ. ಗುಟ್ಟು ಹೇಳಿದರೂ ಬೀದಿಯ ಆ ತುದಿಗೆ ಕೇಳಿಸುತ್ತದೆ. ಹಾಗಾಗಿ, ಗುರುಶಾಂತಪ್ಪನವರನ್ನು ಮದುವೆಯಾಗುತ್ತಿದ್ದೇನೆ ಎಂದು ಪಕ್ಕದ ಮನೆ ರುದ್ರಾಣಿಯ ಕಿವಿಯಲ್ಲಿ ನಾನು ಪಿಸುಗುಟ್ಟಿದ ದಿನವೇ ಊರಿಗೆಲ್ಲ ಸುದ್ದಿಯಾಯಿತು. ಅದರಲ್ಲಿ ರುದ್ರಾಣಿಯ ತಪ್ಪೇನೂ ಇಲ್ಲ.

ಗುರುಶಾಂತಪ್ಪನವರು ಕುಕ್ಕರ್ ರಿಪೇರಿಯವರು. ಸೈಕಲ್ಲಿನ ಹ್ಯಾಂಡಲ್ಲಿಗೆ ಗ್ಯಾಸ್ಕೆಟ್ಟುಗಳನ್ನು ಬಳೆಗಳ ಹಾಗೆ ಸಿಕ್ಕಿಸಿಕೊಂಡು ಬೀದಿ ಬೀದಿ ತಿರುಗುತ್ತಾರೆ. ಬೇರೆ ಊರಲ್ಲಾದರೆ ಇದು ಸಣ್ಣ ಕಸುಬು ಇದ್ದೀತು, ನಮ್ಮೂರಲ್ಲಿ ಮಾತ್ರ ಅವರನ್ನು ಕಂಡರೆ ಎಲ್ಲರೂ ಎದ್ದು ನಿಲ್ಲುತ್ತಾರೆ. ಅವರ ದನಿಯೋ, ಬಹಳ ತಣ್ಣಗೆ. ಆ ಮನುಷ್ಯ ಸಿಟ್ಟಾದದ್ದನ್ನಾಗಲಿ, ಕುಣಿದಾಡಿದ್ದನ್ನಾಗಲಿ ಯಾರೂ ಕಂಡವರಿಲ್ಲ. ಮದುವೆಯ ಮಾತು ತೆಗೆದದ್ದೂ ಹಾಗೆಯೇ. ನನ್ನ ಕುಕ್ಕರಿನ ಮುಚ್ಚಳ ತಿರುಗಿಸಿ ನೋಡುತ್ತ, "ಮಂಗಳಮ್ಮ, ಈ ಗ್ಯಾಸ್ಕೆಟ್ಟು ಇನ್ನೊಂದು ವರ್ಷ ಬರುತ್ತೆ. ಮತ್ತೆ, ನೀವು ಒಪ್ಪೋದಾದ್ರೆ ನಾವಿಬ್ರೂ ಮದುವೆ ಆಗಬಹುದು ಅನ್ಸುತ್ತೆ" ಅಂದರು. ಎರಡೂ ಒಂದೇ ದನಿಯಲ್ಲಿ! ನನ್ನ ಕೈಲಿದ್ದ ಹಿಟ್ಟಿನ ಡಬ್ಬ ಕೆಳಗೆ ಬಿತ್ತು. ನನಗೆ ಐವತ್ತು ಹತ್ತಿರ ಬಂದಿತ್ತು, ಅವರಿಗೆ ದಾಟಿತ್ತು. ನನ್ನ ಯಜಮಾನರು ಹೋಗಿ ಬಹಳ ವರ್ಷವಾಗಿತ್ತು, ಅವರ ಹೆಂಡತಿ ದಾಕ್ಷಾಯಿಣಿ ಹೋಗಿಯೂ ಅಷ್ಟೇ. ಇಬ್ಬರಿಗೂ ಮಕ್ಕಳಿರಲಿಲ್ಲ. ಒಪ್ಪುವುದಕ್ಕೆ ನನಗೇನು ಧಾಡಿ? ಒಪ್ಪಿದೆ. ಆದರೆ ನಮ್ಮೂರಲ್ಲಿ ಇಬ್ಬರು ಒಪ್ಪಿದ ಮಾತ್ರಕ್ಕೆ ಮದುವೆಯಾಗುವುದಿಲ್ಲ, ಬಣ್ಣ ಸಿಕ್ಕಬೇಕು.

ನಮ್ಮಲ್ಲಿ ಸೂರ್ಯ ಮುಳುಗಿದ ಕೂಡಲೇ ಕತ್ತಲಾಗುವುದಿಲ್ಲ, ಮೊದಲು ನೇರಳೆಯಾಗುತ್ತದೆ. ಸಾರು ಬಿಸಿ ಮಾಡಿಕೊಂಡು, ಉಂಡು, ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಊರೆಲ್ಲ ನೇರಳೆ. ಆಮೇಲೆ ಎಲ್ಲ ಊರುಗಳ ಹಾಗೆ ಕತ್ತಲು, ದೀಪ ಹಾಕಿದರೆ ದೀಪ. ನೇರಳೆ ಹೊತ್ತಿನಲ್ಲಿ ಮಾತ್ರ ಹಣತೆ ಹಚ್ಚಿದರೂ ಅದೇ ಬಣ್ಣ, ಬಲ್ಬು ಹಾಕಿದರೂ ಅದೇ ಬಣ್ಣ. ಆಗ ಯಾರ ಮುಖವೂ ಗುರುತು ಸಿಕ್ಕುವುದಿಲ್ಲ. ಮುಖ ಇರಬೇಕಾದ ಕಡೆ ಒಂದು ಬದನೆಕಾಯಿ ಇಟ್ಟ ಹಾಗೆ ಕಾಣುತ್ತದೆ, ಅಷ್ಟೆ. ಅದರಲ್ಲೂ ಒಂದು ಸುಖವಿದೆ ಅನ್ನಿ. ಹಗಲೆಲ್ಲ ಗಿರಾಕಿಗಳ ಮುಂದೆ, ನೆಂಟರ ಮುಂದೆ ಮುಖವನ್ನು ಹಿಡಿದಿಟ್ಟುಕೊಂಡಿದ್ದವರು ಆ ಹೊತ್ತಿನಲ್ಲಿ ಬಿಟ್ಟುಬಿಡುತ್ತಾರೆ. ಅಳುವವರು ಅಳುತ್ತಾರೆ, ಮೂತಿ ಉದ್ದ ಮಾಡುವವರು ಮಾಡುತ್ತಾರೆ. ಅತ್ತೆಯ ಎದುರೇ ನಾಲಿಗೆ ಚಾಚುವ ಸೊಸೆಯರಿದ್ದಾರೆ. ದನಿಯೊಂದನ್ನು ನೆಟ್ಟಗಿಟ್ಟುಕೊಂಡರೆ ಸಾಕು. ಮುಖಕ್ಕೆ ರಜೆ ಎನ್ನುತ್ತೇವೆ ನಾವು ಅದಕ್ಕೆ.

ಗುರುತಿಗೆ ಮಿಣುಕು ಇದೆ. ಮಾಡುವುದು ಕಷ್ಟವಲ್ಲ, ಖರ್ಚೂ ಇಲ್ಲ. ನಿಂಬೆಹಣ್ಣಿನ ರಸ, ಒಂದು ಅಚ್ಚು ಬೆಲ್ಲ, ಚಿಟಿಕೆ ಅಡುಗೆ ಸೋಡಾ, ನೀರು. ಸಣ್ಣ ಸ್ಟೀಲ್ ಡಬ್ಬಿಗೆ ಹಾಕಿ ಬಿಗಿಯಾಗಿ ಮುಚ್ಚಿ ಕುಕ್ಕರಿನಲ್ಲಿಟ್ಟು ಕೂಗಿಸುವುದು. ಆರಿದ ಮೇಲೆ ಹಳೆ ಪಂಚೆಯ ಬಟ್ಟೆಯಲ್ಲಿ ಸೋಸುವುದು. ಹಗಲು ನೋಡಿದರೆ ಹಾಲಿಲ್ಲದ ಟೀ. ನೇರಳೆ ಹೊತ್ತು ಬಂತೋ, ಮೈಯೆಲ್ಲ ಬೆಳಕಾಗಿ ನಿಲ್ಲುತ್ತದೆ. ಮೂರು ಕೂಗಿಗೆ ನೀಲಿ, ಎಂಟಕ್ಕೆ ಹಸಿರು, ಹನ್ನೆರಡಕ್ಕೆ ಹಳದಿ, ಹದಿನೈದು ದಾಟಿದರೆ ಕಿತ್ತಳೆ, ಮುಂದೆ ಕೆಂಪು, ಅದರಾಚೆಗೆ ಇದ್ದಿಲು. ಒಂದೇ ಡಬ್ಬಿಯಿಂದ ಇಷ್ಟು ಬಣ್ಣ ಹೇಗೆ ಬರುತ್ತದೆ ಎಂದು ಚಿಕ್ಕವಳಿದ್ದಾಗ ಊರಿನ ಬಣ್ಣಗಳ ಲೆಕ್ಕ ಇಡುವ ಹಾಲಮ್ಮಜ್ಜಿಯನ್ನು ಕೇಳಿದ್ದೆ. "ನೀರೊಳಗೆ ಕಣ್ಣಿಗೆ ಕಾಣದ ಕಾಳಿರ್ತವೆ ಕಣೇ. ಸಣ್ಣವಿದ್ರೆ ನೀಲಿ, ಬೆಂದು ಬೆಂದು ದಪ್ಪ ಆದಷ್ಟೂ ಕೆಂಪು" ಅಂದಿದ್ದಳು. ಗಿರಣಿಯ ಮಗಳಿಗೆ ಅಷ್ಟು ಸಾಕಾಗಿತ್ತು. ಚಿರೋಟಿ ರವೆ ಬೇರೆ, ದಪ್ಪ ರವೆ ಬೇರೆ, ಗೋಧಿ ಮಾತ್ರ ಒಂದೇ.

ಈ ಮಿಣುಕನ್ನು ಹಣೆಗೆ ಬೊಟ್ಟಾಗಿ ಇಟ್ಟುಕೊಳ್ಳುತ್ತೇವೆ, ಹೊಸ್ತಿಲಿಗೆ ಗೆರೆ ಎಳೆಯುತ್ತೇವೆ, ಎತ್ತಿನ ಕೊಂಬಿಗೆ, ಬಸ್ಸಿನ ಮೆಟ್ಟಿಲಿಗೆ, ಕೂಸುಗಳ ಚಪ್ಪಲಿಗೆ ಹಚ್ಚುತ್ತೇವೆ. ಹೊಸ ಬಾವಿ ತೋಡಿದರೆ ಒಂದು ಚೆಂಬು ನೀರಿಗೆ ನಾಲ್ಕು ಹನಿ ಬಿಟ್ಟು ನೋಡುತ್ತೇವೆ. ಮಂಕಾದರೆ ಆ ನೀರಲ್ಲಿ ತುಕ್ಕೋ ಇನ್ನೇನೋ ಕೆಟ್ಟದ್ದೋ ಇದೆ ಎಂದರ್ಥ, ಕುಡಿಯುವುದಿಲ್ಲ. ಒಂದೊಂದು ಮನೆಗೂ ಒಂದೊಂದು ಬಣ್ಣ. ಕೂಗು ಒಂದೇ ಇದ್ದರೂ ಉರಿಯಲ್ಲಿ, ನಿಂಬೆಯಲ್ಲಿ ವ್ಯತ್ಯಾಸವಿರುತ್ತದಲ್ಲ, ಹಾಗಾಗಿ ಹಳದಿಗಳೇ ಒಂದು ಕೇರಿಯಷ್ಟಿವೆ. ಮೊಸರಿಗೆ ಹೆಪ್ಪು ಹಾಕುವ ಹಾಗೆ ಹಳೆಯ ಮಿಣುಕಿನ ಒಂದು ಸೌಟನ್ನು ಹೊಸದಕ್ಕೆ ಹಾಕಿದರೆ ಮನೆಯ ಬಣ್ಣ ತಪ್ಪದೆ ಮುಂದುವರಿಯುತ್ತದೆ. ಹೆಪ್ಪು ಕಳೆದುಕೊಂಡರೆ ಆ ಬಣ್ಣ ಮತ್ತೆ ಹುಟ್ಟುವುದಿಲ್ಲ. ನನ್ನ ಮನೆಯದು ಕೆಂಡಸಂಪಿಗೆಯ ಬಣ್ಣ. ಗುರುಶಾಂತಪ್ಪನವರದು ಎಳೇ ನೀಲಿ.

ಎರಡು ಮನೆಯ ಬಣ್ಣ ಒಂದೇ ಇರಕೂಡದು ಎನ್ನುವುದು ಕಟ್ಟಳೆ. ಹಿಂದೆ ಒಮ್ಮೆ ಯಾರದೋ ಉದಾಸೀನದಿಂದ ಎರಡು ಮನೆಗೆ ಒಂದೇ ಹಸಿರು ಬಂದು, ಒಬ್ಬ ಮಹಾನುಭಾವ ಇನ್ನೊಬ್ಬನ ಮನೆಯಲ್ಲಿ ಕೂತು ಎರಡನೇ ಸಲ ಸಾರು ಹಾಕಿಸಿಕೊಂಡು ಉಂಡು, "ಇವತ್ತು ಯಾಕೋ ಉಪ್ಪು ಸರಿಯಾಗಿದೆ" ಅಂದನಂತೆ. ಆಗಿನಿಂದ ಹೊಸ ಸಂಸಾರ ಹೂಡುವವರು ಯಾರ ಮನೆಯಲ್ಲೂ ಇಲ್ಲದ ಬಣ್ಣ ಕಾಯಿಸಿ ತೋರಿಸಬೇಕು. ಒಂದು ಜೋಡಿಗೆ ಮೂರೇ ಸಲ. ನೋಡಿ ಹೇಳುವವಳು ಹಾಲಮ್ಮಜ್ಜಿ. ಊರಿನ ಎಲ್ಲ ಮನೆಯ ಬಣ್ಣವೂ ಅವಳ ಮರದ ಪೆಟ್ಟಿಗೆಯಲ್ಲಿ ಪುಟ್ಟ ಪುಟ್ಟ ಸೀಸೆಗಳಲ್ಲಿದೆ, ಹೋಲಿಸಿ ನೋಡಲು ಮಾತ್ರ, ಹೆಪ್ಪಿಗೆ ಅವಳು ಕೊಡುವುದಿಲ್ಲ. ಇನ್ನೊಂದು ಕಟ್ಟಳೆಯೂ ಇದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದು ಕೂಡ ಇಲ್ಲ: ಒಂದು ಮನೆಯ ಮಿಣುಕಿಗೆ ಇನ್ನೊಂದು ಮನೆಯದನ್ನು ಬೆರೆಸಬಾರದು. ಮಕ್ಕಳು ಆಟಕ್ಕೆ ಬೆರೆಸಹೋದರೂ ಬೆನ್ನ ಮೇಲೆ ಬೀಳುತ್ತದೆ.

"ಹೊಸದ್ಯಾಕಜ್ಜಿ? ನನ್ನ ಮನೆಗೆ ಅವರು ಬರ್ತಾರೆ. ಕೆಂಡಸಂಪಿಗೆನೇ ಇಬ್ರೂ ಇಟ್ಕೋತೀವಿ" ಅಂದೆ ನಾನು ಹಾಲಮ್ಮಜ್ಜಿಗೆ.

"ಅದು ನಿಂದೊಬ್ಬಳದ್ದಲ್ಲ ಕಣೇ, ನಿನ್ನ ಗಂಡ ತಿಪ್ಪೇಶಿಯದ್ದೂ ಹೌದು. ಅವನ ಜೊತೆ ಕಾಯಿಸಿದ್ದು ನೀನು. ಅವನ ಬಣ್ಣ ಹಣೇಲಿಟ್ಕೊಂಡು ಇನ್ನೊಬ್ಬನ ಪಕ್ಕ ಕೂರ್ತೀಯಾ? ಇವನಿಗೂ ಅದೇ ಮಾತು. ಹೊಸ ಸಂಸಾರ ಬೇಕು ಅಂದ್ರೆ ಹೊಸದೇ ಕಾಯಿಸಿ."

ಹೆಂಡತಿ ಸತ್ತ ಗಂಡಸರು ಎಳೇ ಹುಡುಗಿಯರನ್ನು ತಂದುಕೊಂಡದ್ದು ನಮ್ಮೂರಲ್ಲಿ ಬೇಕಾದಷ್ಟಿದೆ. ಆದರೆ ಎರಡು ಬೇರೆ ಬೇರೆ ಮನೆಯ ಬಣ್ಣ ಹೊತ್ತ ಇಬ್ಬರು ವಯಸ್ಸಾದವರು ಮದುವೆಯಾಗುತ್ತೇವೆಂದು ಬಂದದ್ದು ಅದೇ ಮೊದಲು. ಅಜ್ಜಿಗೂ ಹೊಸತು. ಅವಳು ಹೇಳಿದ್ದೇ ಕಟ್ಟಳೆಯಾಯಿತು.

ಮೊದಲನೆಯ ಸಲ ನಾವು ಹನ್ನೊಂದು ಕೂಗಿಸಿದೆವು. ನೇರಳೆ ಹೊತ್ತಿನಲ್ಲಿ ಅಜ್ಜಿ ಪೆಟ್ಟಿಗೆ ಹೊತ್ತುಕೊಂಡು ಬಂದು, ಜಗಲಿಯಲ್ಲಿ ಕೂತು, ನಮ್ಮ ಲೋಟದ ಪಕ್ಕ ಒಂದೊಂದೇ ಸೀಸೆ ಹಿಡಿದು ನೋಡಿ, "ರೇಷನ್ ಅಂಗಡಿಯವರ ಹಳದಿ" ಎಂದು ಎದ್ದುಹೋದಳು. ಎರಡನೆಯ ಸಲ ನಿಂಬೆಯ ಬದಲು ಹೇರಳೆಕಾಯಿ ಹಿಂಡಿದೆ. ಬಂದ ಹಸಿರು ಎಷ್ಟು ಚೆನ್ನಾಗಿತ್ತೆಂದರೆ ನಾನು ಆಗಲೇ ಸೀರೆ ಯಾವುದುಡಬೇಕು ಎಂದು ಯೋಚಿಸುತ್ತಿದ್ದೆ. ಅಜ್ಜಿ ಪೆಟ್ಟಿಗೆಯ ತಳದಿಂದ ಧೂಳು ಹಿಡಿದ ಸೀಸೆಯೊಂದನ್ನು ತೆಗೆದಳು. ಕೆಳಗಿನ ಕೇರಿಯ ಗಾಣದವರ ಹಸಿರು, ಕೂದಲೆಳೆಯಷ್ಟೂ ಬೇರೆಯಿಲ್ಲ. "ಅವರು ವರ್ಷಕ್ಕೊಂದ್ಸಲ ಊರಿಗೆ ಬರ್ತಾರೆ, ಅವರಿಗೆ ಬಣ್ಣ ಯಾಕೆ!" ಅಂತ ನಾನು ಕೂಗಾಡಿದೆ. ಗುರುಶಾಂತಪ್ಪನವರು ಮಾತ್ರ ಲೋಟ ತೊಳೆದಿಟ್ಟು, "ಇನ್ನೊಂದು ಸಲ ಇದೆಯಲ್ಲ ಮಂಗಳಮ್ಮ" ಅಂದರು. ಬಸ್ಸು ತಪ್ಪಿದವರು ಮುಂದಿನ ಬಸ್ಸಿನ ಮಾತಾಡುವ ಹಾಗೆ.

ನನಗೆ ಪಿತ್ತ ನೆತ್ತಿಗೇರಿತು. ಈ ಮನುಷ್ಯನಿಗೆ ನಾನು ಬೇಕೋ ಬೇಡವೋ? ಬೇಕಾದವರು ಒಂದು ಸಲವಾದರೂ ಅಯ್ಯೋ ಅನ್ನುವುದಿಲ್ಲವೇ? ಮಾರನೆಯ ದಿನ ಗಿರಣಿಯಲ್ಲಿ ಒಬ್ಬರ ರಾಗಿಗೆ ಇನ್ನೊಬ್ಬರ ಗೋಧಿ ಸುರಿದು ಬೈಸಿಕೊಂಡೆ. ನನಗೇನೋ ಅವರು ಬೇಕಾಗಿದ್ದರು, ಬಹಳ ಬೇಕಾಗಿದ್ದರು. ಮಧ್ಯಾಹ್ನ ಸೈಕಲ್ಲಿನ ಗಂಟೆ ಕೇಳಿದರೆ ನನ್ನ ಕೈ ತಾನಾಗಿ ಬೆಲ್ಟಿನ ಸ್ವಿಚ್ಚು ಆರಿಸುತ್ತಿತ್ತು. ಅವರು ಕೂತು ಎರಡು ಮಾತಾಡಿ ಹೋದರೆ ಸಂಜೆವರೆಗೆ ಮನೆ ಮನೆಯ ಹಾಗಿರುತ್ತಿತ್ತು.

ಮೂರನೆಯದಕ್ಕೆ ಅಜ್ಜಿ ಹೊಸ ಮಾತು ತಂದಳು. "ಹಳೇದನ್ನ ಮನೇಲಿಟ್ಕೊಂಡು ಕಾಯಿಸಿದ್ರೆ ಹೊಸದು ಹೇಗೆ ಬಂದೀತು? ಇಬ್ಬರೂ ಮೊದಲು ಅದನ್ನ ಸುರೀರಿ. ಆಮೇಲೆ ಒಲೆ ಹಚ್ಚಿ."

"ಮೂರನೇದೂ ತಪ್ಪಿಹೋದ್ರೆ?" ಕೇಳಿದೆ.

"ಹೆಪ್ಪಿಲ್ಲದೋರಿಗೆ ಇನ್ನೇನು? ಛತ್ರದ ಬಣ್ಣ. ನಿನ್ನ ಮನೇಲಿ ನೀನು, ಅವನ ಮನೇಲಿ ಅವನು."

ಛತ್ರದ ಬಣ್ಣ ಎಂದರೆ ಬೇರೆ ಊರಿಂದ ಬಂದವರಿಗೆ ಛತ್ರದ ಬಾಗಿಲಲ್ಲಿ ಹಚ್ಚುವ ಮಾಸಲು ಹಸಿರು. ಹುಟ್ಟಿ ಬೆಳೆದ ಊರಲ್ಲಿ ದಾರಿಹೋಕರಾಗಬೇಕು. ಮದುವೆಯೂ ಇಲ್ಲ, ಮನೆಯ ಬಣ್ಣವೂ ಇಲ್ಲ. ಬಿಡೋಣ, ಇದೆಲ್ಲ ಬೇಡ ಅನ್ನುತ್ತಾರೇನೋ ಎಂದು ಗುರುಶಾಂತಪ್ಪನವರ ಕಡೆ ನೋಡಿದೆ. "ಆಗಲಿ ಅಜ್ಜಿ" ಅಂದರು ಅವರು, ಗ್ಯಾಸ್ಕೆಟ್ಟಿನ ರೇಟು ಒಪ್ಪಿದ ಹಾಗೆ.

ಆ ದಿನ ಮಧ್ಯಾಹ್ನ ಅವರು ತಮ್ಮ ನೀಲಿಯನ್ನು ಗಾಜಿನ ಸೀಸೆಯಲ್ಲಿ ತಂದರು. ನನ್ನ ಬಚ್ಚಲ ಹಿಂದಿನ ಬಾಳೆಯ ಬುಡಕ್ಕೆ ಇಬ್ಬರೂ ಸುರಿಯುವುದೆಂದು ಮಾತಾಗಿತ್ತು. ಅವರು ಬರುವ ಮೊದಲೇ ನಾನು ನನ್ನ ಪಾತ್ರೆ ಹಿಡಿದು ಅಡುಗೆಮನೆಯಲ್ಲಿ ನಿಂತಿದ್ದೆ. ಹಗಲಿನಲ್ಲಿ ಅದು ಬರೀ ಟೀ ಬಣ್ಣದ ನೀರು. ಆದರೂ ಕೈ ಬರಲಿಲ್ಲ. ನಮ್ಮ ಯಜಮಾನರು ಮೊದಲ ಸಲ ಕಾಯಿಸಿದಾಗ ಹದಿನಾರನೇ ಕೂಗಿಗೆ, "ಸಾಕು, ಇನ್ನು ಇದು ನಿನ್ನ ಬಾಯಿಗಿಂತ ಖಾರ ಆಗುತ್ತೆ" ಅಂತ ಒಲೆ ಆರಿಸಿದ್ದರು. ಒಳ್ಳೆಯ ಮನುಷ್ಯ. ಅವರನ್ನು ಬಾಳೆ ಬುಡಕ್ಕೆ ಹೇಗೆ ಸುರಿಯಲಿ? ಹೊಸ ಸಂಸಾರ ಬೇಕು, ನಿಜ. ಹಾಗೆಂದು ಹಳೆಯದು ಸುಳ್ಳಾಗಬೇಕೇ? ಅಟ್ಟಣಿಗೆಯ ಮೇಲೆ ಖಾಲಿ ಉಪ್ಪಿನಕಾಯಿ ಜಾಡಿ ಇತ್ತು, ಕಂದು ಕತ್ತಿನ ಪಿಂಗಾಣಿ ಜಾಡಿ. ಮಾವಿನಕಾಯಿ ಕಾಲ ಇನ್ನೂ ಬಂದಿರಲಿಲ್ಲ. ಅದಕ್ಕೆ ನಾಲ್ಕು ಸೌಟು ಹಾಕಿ, ಮುಚ್ಚಳ ಬಿಗಿದು, ಬಟ್ಟೆ ಕಟ್ಟಿ, ಮತ್ತೆ ಮೇಲಿಟ್ಟು, ಏನೂ ಆಗದವಳ ಹಾಗೆ ನಿಂತೆ. ಅವರು ಬಂದಾಗ ಪಾತ್ರೆ ಹಿಡಿದು ನಾನೇ ಮೊದಲು ಬಾಳೆಯ ಹತ್ತಿರ ಹೋದೆ, ಅವರು ತುಸು ತಡೆದು ಬಂದರು. ಉಳಿದದ್ದನ್ನು ಅವರ ಕಣ್ಣೆದುರೇ ಸುರಿದೆ. ಅವರೂ ತಮ್ಮ ಸೀಸೆಯನ್ನು ಬಗ್ಗಿಸಿದರು. ಅವರ ಮುಖ ಹಗಲಿನ ಮುಖ, ನೀಟಾಗಿತ್ತು. ಅಷ್ಟು ಸಲೀಸಾಗಿ ಸುರಿದರಲ್ಲ ಎಂದು ನನಗೆ ಒಳಗೊಳಗೇ ನೋವಾಯಿತು.

ಆಮೇಲೆ ಕುಕ್ಕರ್ ಇಟ್ಟೆವು. ಮೂರನೇ ಸಲ ಕಾಯಿಸುವಾಗ ಬೀದಿಯಲ್ಲಿ ಯಾರೂ ಕುಕ್ಕರ್ ಇಡುವುದಿಲ್ಲ, ಕೂಗು ತಪ್ಪಬಾರದಲ್ಲ. ಹದಿಮೂರು ಕೂಗಿಗೆ ನಿಲ್ಲಿಸುವುದೆಂದು ಲೆಕ್ಕ. ಹಳದಿಗೂ ಕಿತ್ತಳೆಗೂ ನಡುವೆ ಅಲ್ಲೊಂದು ಸಂದು ಇದೆ, ಅದು ಯಾರದ್ದೂ ಅಲ್ಲ ಎಂದು ಗುರುಶಾಂತಪ್ಪನವರು ಮನೆಮನೆಯ ಕುಕ್ಕರ್ ಬಿಚ್ಚಿದ ಅನುಭವದ ಮೇಲೆ ಹೇಳಿದ್ದರು. ಏಳು, ಎಂಟು. ಒಂಬತ್ತನೆಯದು ಯಾಕೋ ಗೋಡೆಯಿಂದ ಬಂದ ಹಾಗಿತ್ತು.

"ಅದು ನಮ್ಮದಲ್ಲ" ಅಂದೆ.

"ನಮ್ಮದೇ ಇರಬೇಕು. ಇದು ನಮ್ಮ ವೆಯ್ಟಿನ ದನಿ" ಅಂದರು.

ಮತ್ತೆ ಕೂಗು. ಈಗ ಎರಡು ಕಡೆಯಿಂದ. ನಾನು ಗೋಡೆಗೆ ಬಾಯಿಟ್ಟು, "ರುದ್ರಾಣೀ! ಕುಕ್ಕರ್ ಇಟ್ಟಿದ್ದೀಯೇನೇ?" ಎಂದು ಕಿರುಚಿದೆ.

"ಅಯ್ಯಯ್ಯೋ, ಮರೆತೇಹೋಯ್ತು ಮಂಗಳಕ್ಕ! ನಮ್ಮಣ್ಣ ಬಂದ. ಬರೀ ತೊಗರಿಬೇಳೆ ಕಣಕ್ಕಾ!"

ಅವಳ ಕುಕ್ಕರಿಗೆ ಹೋದ ವಾರ ಹೊಸ ವೆಯ್ಟು ಹಾಕಿಕೊಟ್ಟವರು ಗುರುಶಾಂತಪ್ಪನವರೇ. ನನ್ನದಕ್ಕೆ ಹಾಕಿದ್ದೂ ಅದೇ ಡಬ್ಬದ್ದು. ಊರಿನ ಒಂದೊಂದು ಕುಕ್ಕರನ್ನೂ ದನಿಯ ಮೇಲೆ ಗುರುತು ಹಿಡಿಯುವವರಿಗೆ ಆ ಎರಡು ಮಾತ್ರ ಅವಳಿ ಮಕ್ಕಳಾಗಿದ್ದವು. ಅವಳದ್ದೆಷ್ಟು, ನಮ್ಮದೆಷ್ಟು ಎಂದು ಇಬ್ಬರೂ ಕೂಡಿ ಕಳೆದು ಜಗಳಾಡಿದೆವು. ಜಗಳಾಡಿದ್ದು ನಾನು, ಅವರು ಉತ್ತರ ಕೊಟ್ಟರು. ಅಷ್ಟರಲ್ಲಿ ಇನ್ನೂ ಎಷ್ಟೋ ಕೂಗಿಹೋದವು. ಒಲೆ ಆರಿಸಿ ಡಬ್ಬಿ ತೆಗೆದಾಗ ಸೀದ ಬೆಲ್ಲದ ವಾಸನೆ ಬಂತು. ಸೋಸಿದರೆ ಗಟ್ಟಿ ಡಿಕಾಕ್ಷನ್ನು. ಹಗಲಲ್ಲಿ ಎಲ್ಲ ಮಿಣುಕೂ ಸ್ವಲ್ಪ ಹಾಗೇ ಇರುತ್ತದೆ, ನೋಡೋಣ ಎಂದು ಸುಮ್ಮನಾದೆವು. ಇಬ್ಬರಿಗೂ ಗೊತ್ತಿತ್ತು ಅನ್ನಿ.

ಸಂಜೆ ಹಾಲಮ್ಮಜ್ಜಿ ಬಂದಳು. ಹಿಂದೆಯೇ ರುದ್ರಾಣಿ, ಸೆರಗು ಬಾಯಿಗೊತ್ತಿಕೊಂಡು. ಎಲ್ಲರೂ ಅಡುಗೆಮನೆಯಲ್ಲೇ ಕೂತೆವು. ನನ್ನ ಹಣೆಯೂ ಖಾಲಿ, ಅವರ ಹಣೆಯೂ ಖಾಲಿ. ನೇರಳೆಯಾಯಿತು. ಮುಖಗಳು ಹೋದವು. ಅಜ್ಜಿಯ ಹಣೆಯ ಕೆಂಪು, ರುದ್ರಾಣಿಯ ಗಿಳಿಹಸಿರು ಎರಡೇ ಹೊಳೆಯುತ್ತಿದ್ದವು. ನಾನು ಲೋಟ ಮುಂದಿಟ್ಟೆ. ಏನೂ ಇಲ್ಲ. ಕಪ್ಪು. ಅಜ್ಜಿ ಲೋಟವನ್ನು ಎತ್ತಿ ಅಲ್ಲಾಡಿಸಿದಳು. ಆದರೂ ಕಪ್ಪು.

"ಇದ್ದಿಲು" ಅಂದಳು, ಬಹಳ ಮೆತ್ತಗೆ.

ರುದ್ರಾಣಿ ಗೊಳೋ ಎಂದಳು. "ನನ್ನ ಬೇಳೆಗಿಷ್ಟು ಬೆಂಕಿ ಹಾಕ!"

"ಹೋಗಲಿ ಬಿಡಿ ರುದ್ರಮ್ಮ, ನೀವೇನು ಬೇಕಂತ ಮಾಡಿದ್ರಾ" ಎಂದು ಗುರುಶಾಂತಪ್ಪನವರ ದನಿ ಬಂತು. ಅದೇ ತಣ್ಣನೆಯ ದನಿ. "ನಮ್ಮ ಹಣೇಲಿ ಇಷ್ಟೇ ಬರೆದಿತ್ತು ಅಂದ್ಕೋಬೇಕು. ನಾನಿನ್ನು ಹೊರಡ್ತೀನಿ ಮಂಗಳಮ್ಮ."

ನನಗೆ ರೇಗಿಹೋಯಿತು. "ಹೊರಡಿ! ನಿಮಗೇನು, ಇನ್ನೊಂದು ಗ್ಯಾಸ್ಕೆಟ್ಟು ಬದಲಿಸಿದ್ರೆ ಆಯ್ತು! ಸೈಕಲ್ ಹತ್ತಿ ಹೊರಡಿ! ನನ್ನ ಮನೆ ಕಡೆ ಗಂಟೆ ಹೊಡೀಬೇಡಿ ಮಾತ್ರ!" ಬೀದಿಗೆಲ್ಲ ಕೇಳಿಸಿತು. ಕೇಳಿಸಲಿ. ದನಿಯೊಂದು ನೆಟ್ಟಗಿತ್ತು, ಅಷ್ಟು ಸಾಕು. ಮುಖವನ್ನು ಏನು ಮಾಡಿಕೊಂಡಿದ್ದೆ ಎಂದು ಯಾರಿಗೂ ಕಾಣುತ್ತಿರಲಿಲ್ಲ.

ಅಜ್ಜಿ ಸೊಂಟ ಹಿಡಿದುಕೊಂಡು ಎದ್ದಳು. ಅವಳಿಗೂ ಬೇಜಾರಾಗಿತ್ತು. ಬೇಜಾರಾದಾಗ ಅವಳಿಗೆ ಬಾಯಿಗೆ ಹುಳಿ ಬೇಕು. "ಬಾಯೆಲ್ಲ ಕಹಿ ಆಯ್ತು ಕಣೇ. ಒಂದು ಚೂರು ಉಪ್ಪಿನಕಾಯಿನಾದ್ರೂ ಹಾಕು" ಎನ್ನುತ್ತ, ನಮ್ಮ ಮನೆಯಲ್ಲಿ ಎಲ್ಲಿ ಏನಿದೆ ಎಂದು ನನಗಿಂತ ಚೆನ್ನಾಗಿ ಬಲ್ಲವಳು, ಅಟ್ಟಣಿಗೆಗೆ ಕೈ ಚಾಚಿ ಜಾಡಿ ಇಳಿಸಿದಳು.

"ಅದನ್ನ ಮುಟ್ಟಬೇಡಿ!" ಎಂದು ನಾನು ಕೂಗಿದೆ.

"ಅದನ್ನ ಮುಟ್ಟಬೇಡಿ!" ಎಂದು ಇನ್ನೊಂದು ದನಿಯೂ ಕೂಗಿತು. ನನ್ನಷ್ಟೇ ಜೋರಾಗಿ. ಆ ದನಿ ಯಾರದೆಂದು ನನಗೆ ಒಂದು ಕ್ಷಣ ತಿಳಿಯಲಿಲ್ಲ. ಗುರುಶಾಂತಪ್ಪನವರು ಕೂಗಿದ್ದನ್ನು ನಾನು ಎಂದೂ ಕೇಳಿರಲಿಲ್ಲವಲ್ಲ.

ಅಷ್ಟರಲ್ಲಿ ಅಜ್ಜಿ ಬಟ್ಟೆ ಬಿಚ್ಚಿ ಮುಚ್ಚಳ ತೆಗೆದಿದ್ದಳು.

ಜಾಡಿಯಿಂದ ಬೆಳ್ಳಗೆ ಬೆಳಕು ಎದ್ದು ಸೂರಿಗೆ ಹೋಯಿತು. ಕಿತ್ತಳೆಯಲ್ಲ, ನೀಲಿಯಲ್ಲ. ಬಿಳಿ. ಹಾಲಿನ ಹಾಗೆ, ಹಗಲಿನ ಹಾಗೆ. ಗೋಡೆಯ ಮೇಲೆ ಮಸಿ ಕಂಡಿತು, ಅರಿಶಿನದ ಡಬ್ಬದ ಹಳದಿ ಕಂಡಿತು, ರುದ್ರಾಣಿಯ ಸೆರಗಿನ ಕೆಂಪು ಅಂಚು ಕಂಡಿತು. ಒಂದೇ ಬಣ್ಣದ ಮಿಣುಕನ್ನು ಕೊಳಗಗಟ್ಟಲೆ ತುಂಬಿಟ್ಟರೂ ಹೀಗಾಗುವುದಿಲ್ಲ. ಕಿತ್ತಳೆ ಮಿಣುಕಿನ ಮುಂದೆ ಕೂತವರು ಕಿತ್ತಳೆ ಬದನೆಕಾಯಿಯಾಗುತ್ತಾರೆ, ಅಷ್ಟೆ. ಈ ಬೆಳಕಿನಲ್ಲಿ ನೇರಳೆ ಹೊತ್ತಿಗೆ ಮೊದಲ ಸಲ ಮುಖಗಳು ಬಂದವು.

ನಾನು ಗುರುಶಾಂತಪ್ಪನವರ ಮುಖ ನೋಡಿದೆ. ಅಳುತ್ತಿದ್ದರು. ಈಗ ಶುರುವಾದ ಅಳುವಲ್ಲ ಅದು. ಕೆನ್ನೆಯೆಲ್ಲ ತೊಯ್ದು ಅಂಗಿಯ ಕಾಲರಿನವರೆಗೆ ಒದ್ದೆಯಾಗಿತ್ತು. ಕೆಳತುಟಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದಿದ್ದರು. ಹೋಗಲಿ ಬಿಡಿ ಅಂದದ್ದು ಈ ಮುಖವೇ. ನಾನಿನ್ನು ಹೊರಡ್ತೀನಿ ಅಂದದ್ದೂ ಈ ಮುಖವೇ. ರೇಷನ್ ಅಂಗಡಿಯ ಹಳದಿ ಬಂದ ದಿನವೂ, ಗಾಣದವರ ಹಸಿರು ಬಂದ ದಿನವೂ ಈ ಮನುಷ್ಯ ಹೀಗೇ ಕೂತಿದ್ದಿರಬೇಕು, ನಾನು ದನಿಯನ್ನು ಮಾತ್ರ ಕೇಳಿ ಉರಿದುಬಿದ್ದಿದ್ದೆ.

ಅವರೂ ನನ್ನನ್ನು ನೋಡುತ್ತಿದ್ದರು. ಬೈದು ಬಿಸಾಕಿದ ನನ್ನ ಮುಖ ಅವರಿಗೆ ಹೇಗೆ ಕಂಡಿತೋ ಗೊತ್ತಿಲ್ಲ. ಮೂಗು ಸೋರುತ್ತಿತ್ತು ಅನ್ನುವುದಂತೂ ಗೊತ್ತು. ಸೆರಗು ಹುಡುಕಿದೆ, ಸಿಕ್ಕಲಿಲ್ಲ.

"ನಾಲ್ಕು ಸೌಟು ಅದರಲ್ಲಿ ಇಟ್ಟಿದ್ದೆ" ಅಂದೆ. "ಸುರಿಯೋಕೆ ಕೈ ಬರಲಿಲ್ಲ ಕಣ್ರೀ."

"ನೀವು ಬಾಳೆ ಹತ್ರ ಹೋದಾಗ ನಾನೂ ಒಂದಿಷ್ಟು ಬಗ್ಗಿಸಿದೆ" ಅಂದರು. "ಮಾವಿನಕಾಯಿ ಕಾಲ ಅಲ್ವಲ್ಲ, ಖಾಲಿ ಜಾಡಿ ಅಂದ್ಕೊಂಡೆ. ಒಳಗೆ ನೋಡಲಿಲ್ಲ. ದಾಕ್ಷಾಯಿಣಿನ ಪೂರ್ತಿ ಸುರಿಯೋಕೆ ನನಗೂ ಆಗಲಿಲ್ಲ. ನಿಮಗೆ ಬೇಜಾರಾಗುತ್ತೆ ಅಂತ ಹೇಳಲಿಲ್ಲ."

ಬೇಜಾರೇ? ನನಗೆ ಮೈಮೇಲಿನ ಮೂಟೆ ಇಳಿಸಿದ ಹಾಗಾಯಿತು. ಅಷ್ಟು ಸಲೀಸಾಗಿ ಸುರಿದುಬಿಡುವ ಮನುಷ್ಯನಾಗಿದ್ದರೆ ನಾಳೆ ನನ್ನನ್ನೂ ಸುರಿಯುತ್ತಿದ್ದರು.

ಹಾಲಮ್ಮಜ್ಜಿ ಪೆಟ್ಟಿಗೆ ಎಳೆದುಕೊಂಡು, ಒಂದೊಂದೇ ಸೀಸೆ ತೆಗೆದು ಜಾಡಿಯ ಬಾಯಿಗೆ ಹಿಡಿಯತೊಡಗಿದಳು. ತಳದ ಧೂಳು ಹಿಡಿದ ಸೀಸೆಯವರೆಗೂ ಬಂದಳು. ಒಂದೂ ಕೂಡಲಿಲ್ಲ.

"ಬೆರೆಸಬಾರದಿತ್ತು" ಅಂದಳು. "ಬೆರೆಸಿದವರು ಯಾರು?"

"ಗೊತ್ತಿಲ್ಲದೆ ಆಯ್ತು ಅಜ್ಜಿ" ಅಂದರು ಗುರುಶಾಂತಪ್ಪನವರು. "ಅವರು ಅವರದ್ದು ಇಟ್ಟರು. ನಾನು ನಂದು ಇಟ್ಟೆ."

ಅಜ್ಜಿ ಜಾಡಿಯೊಳಗೆ ಇಣುಕಿದಳು. ಅವಳ ಸುಕ್ಕುಗಳೆಲ್ಲ ಆ ಬೆಳಕಲ್ಲಿ ಎಣಿಸುವ ಹಾಗೆ ಕಾಣುತ್ತಿದ್ದವು. "ತಿಪ್ಪೇಶಿನೂ ಇದಾನೆ, ದಾಕ್ಷಾಯಿಣಿನೂ ಇದಾಳೆ. ಇಬ್ಬರೂ ಕಾಣಿಸ್ತಿಲ್ಲ. ನೀವಿಬ್ಬರು ಕಾಣಿಸ್ತಿದೀರ" ಅಂದಳು. ಒಂದು ಖಾಲಿ ಸೀಸೆ ತೆಗೆದು ನನ್ನ ಮುಂದೆ ಹಿಡಿದಳು. "ತುಂಬಿಸು. ಇನ್ನು ಮೇಲೆ ಇದು ನಿಮ್ಮದು. ಮತ್ತೆ ಶಾಂತಪ್ಪ, ಮೊದಲು ಮೂಗು ಒರೆಸ್ಕೋಪ್ಪ, ಮದುಮಗನ ಹಾಗಿಲ್ಲ ನೀನು."

ರುದ್ರಾಣಿ ಅಳುವುದನ್ನು ನಿಲ್ಲಿಸಿ, ಇದಕ್ಕೆಲ್ಲ ತನ್ನ ತೊಗರಿಬೇಳೆಯೇ ಕಾರಣ ಎಂದು ಅಲ್ಲೇ ಶುರುಮಾಡಿದಳು. ಇವತ್ತಿಗೂ ನಿಲ್ಲಿಸಿಲ್ಲ.

ಮದುವೆಯಾಯಿತು. ಬೆಳ್ಳನೆಯ ಬೊಟ್ಟು ಇಟ್ಟುಕೊಂಡು ಬೀದಿಯಲ್ಲಿ ಹೋದರೆ ನಮ್ಮ ಮೂಗು, ಕಣ್ಣು ಸಮೇತ ಕಾಣುತ್ತಿತ್ತು. ಊರವರು ಮೊದಲು ಹೆದರಿದರು, ಆಮೇಲೆ ಸೌಟು ಹಿಡಿದು ಬಂದರು. ಸೂಲಗಿತ್ತಿಗೆ ಒಂದು ಗಿಂಡಿ ಬೇಕಾಯಿತು, ನೇರಳೆ ಹೊತ್ತಿನಲ್ಲಿ ಹುಟ್ಟುವ ಕೂಸಿನ ಮೈಬಣ್ಣ ನೋಡಲು. ಮುಳ್ಳು ಚುಚ್ಚಿದವರಿಗೆ ಬೇಕಾಯಿತು, ಸೂಜಿಗೆ ದಾರ ಪೋಣಿಸುವವರಿಗೆ ಬೇಕಾಯಿತು. ಕೇಳಿದವರಿಗೆಲ್ಲ ಕೊಡಲು ನಮ್ಮ ಜಾಡಿ ಎಷ್ಟು ದೊಡ್ಡದಿದ್ದೀತು? ನಮ್ಮದು ನಮ್ಮ ಹತ್ತಿರವೇ ಇರಲಿ, ನೀವೇ ಮಾಡಿಕೊಳ್ಳಿ ಅಂದೆ. ನೀಲಿ ಮನೆಯವರು ಹಳದಿ ಮನೆಯವರ ಹತ್ತಿರ ಹೋಗಬೇಕು, ಒಂದು ಲೋಟ ಕೇಳಬೇಕು. ಮಾತು ಬಿಟ್ಟವರೂ ಹೋಗಿ ಕೇಳಿದರು. ಒಂದೊಂದು ಜೋಡಿಗೆ ಒಂದೊಂದು ಥರದ ಬಿಳಿ ಬಂತು: ಕೆನೆಯದು, ಬೆಣ್ಣೆಯದು, ಮಲ್ಲಿಗೆಯದು. ಬೆರೆಸಬಾರದೆಂಬ ಕಟ್ಟಳೆಯನ್ನು ತೆಗೆದದ್ದಾಗಿ ಹಾಲಮ್ಮಜ್ಜಿ ಯಾರಿಗೂ ಹೇಳಲಿಲ್ಲ. ಸೀಸೆಗೆ ಜಾಗ ಸಾಲದೆಂದು ಇನ್ನೊಂದು ಪೆಟ್ಟಿಗೆ ಮಾಡಿಸಿಕೊಂಡಳು.

ಮುಖದ ರಜೆ ಹೋಯಿತಲ್ಲ ಎಂದು ಕೆಲವರು ಗೊಣಗಿದ್ದೂ ಉಂಟು, ಅದರಲ್ಲೂ ನಾಲಿಗೆ ಚಾಚುವ ಸೊಸೆಯರು. ಅವರ ಮಾತಿನಲ್ಲೂ ನ್ಯಾಯವಿದೆ. ಹಾಗಾಗಿ ಈಗ ಉಂಡು ಕೈ ತೊಳೆಯುವವರೆಗೆ ಬಿಳಿ, ಆಮೇಲೆ ಮುಚ್ಚಳ ಹಾಕಿಬಿಡಬೇಕೆಂದು ಊರಲ್ಲಿ ಮಾತಾಗಿದೆ.

ನಮ್ಮ ಮನೆಯಲ್ಲಿ ಜಾಡಿ ಒಲೆಯ ಪಕ್ಕ ಇರುತ್ತದೆ. ಉಪ್ಪಿನಕಾಯಿಗೆ ಬೇರೆ ಜಾಡಿ ತಂದಿದ್ದೇವೆ. ನಿನ್ನೆ ಊಟವಾಗಿತ್ತು, ಕೈ ಒಣಗಿತ್ತು. ಹೊರಗೆ ಇನ್ನೂ ನೇರಳೆ. ಅವರು ಮುಚ್ಚಳ ಕೈಯಲ್ಲಿ ಹಿಡಿದುಕೊಂಡು, ಅದೇ ತಣ್ಣನೆಯ ದನಿಯಲ್ಲಿ, "ಮುಚ್ಚಲಾ?" ಎಂದು ಕೇಳಿದರು. ದನಿ ಹಾಗಿತ್ತು. ಮುಖದಲ್ಲಿ ನಗು ಕಿವಿಯವರೆಗೆ ಇತ್ತು.

"ಇರಲಿ ಬಿಡ್ರೀ" ಅಂದೆ, ನನ್ನ ಕೈಲಾದಷ್ಟು ಮೆಲ್ಲಗೆ. "ನಾನಿನ್ನೂ ನೋಡಿ ಮುಗಿಸಿಲ್ಲ."

ಗೋಡೆಯ ಆಚೆ ರುದ್ರಾಣಿ ಕೆಮ್ಮಿದಳು.